ಪೈಥಾನ್ ಇಲ್ಲದ ಯಂತ್ರದಲ್ಲಿ ಯುವಿ: ಯಾವುದು ಎಲ್ಲಿ ಕೂರುತ್ತದೆ

ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಪಿಪ್ ಓಡಬೇಕಾದರೆ ಮೊದಲು ಪೈಥಾನ್ ಇರಬೇಕು. ಆ ಪೈಥಾನ್ ಯಾವ ಆವೃತ್ತಿಯದು, ಅದನ್ನು ಹಾಕಿದ್ದು ಉಬುಂಟುವೋ ನಾವೋ ಎಂಬಲ್ಲೇ ಅರ್ಧ ತಾಪತ್ರಯ ಶುರುವಾಗುತ್ತದೆ. ಆಸ್ಟ್ರಲ್ ಕಂಪನಿ 2024ರ ಫೆಬ್ರವರಿಯಲ್ಲಿ ಹೊರತಂದ ಯುವಿ ಮೊದಲಿಗೆ ಪಿಪ್‌ಗೆ ಬದಲಿಯಷ್ಟೇ ಆಗಿತ್ತು. ಅದೇ ವರ್ಷದ ಆಗಸ್ಟ್ ಹೊತ್ತಿಗೆ ಪೈಥಾನನ್ನೂ ತಾನೇ ತಂದು ಹಾಕಿಕೊಳ್ಳುವಷ್ಟು ಬೆಳೆಯಿತು. ರಸ್ಟ್ ಭಾಷೆಯಲ್ಲಿ ಬರೆದ ಒಂದೇ ಬೈನರಿ, ಅಂದರೆ ನೇರವಾಗಿ ಓಡುವ ಫೈಲ್. ಅಡ್ಮಿನ್ ಪಾಸ್‌ವರ್ಡ್ ಕೇಳುವುದಿಲ್ಲ. ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ (ಯುವಿ ಎಂದರೆ ಯು, ವಿ ಎಂಬ ಎರಡೇ ಅಕ್ಷರ).

ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಆಸ್ಟ್ರಲ್.ಎಸ್‌ಎಚ್ ತಾಣದಿಂದ ಯುವಿ/ಇನ್‌ಸ್ಟಾಲ್.ಎಸ್‌ಎಚ್ ಎಂಬ ಫೈಲನ್ನು ಕರ್ಲ್ ಆಜ್ಞೆಯಿಂದ ಇಳಿಸಿ, ಒಮ್ಮೆ ಕಣ್ಣಾಡಿಸಿ, ಎಸ್‌ಎಚ್ ಆಜ್ಞೆಯಿಂದ ಓಡಿಸಿ. ತಂಡದವರೆಲ್ಲ ಒಂದೇ ಆವೃತ್ತಿ ಬಳಸಬೇಕಿದ್ದರೆ ವಿಳಾಸದ ನಡುವೆ ಆವೃತ್ತಿ ಸಂಖ್ಯೆ ಸೇರಿಸಿ: ಯುವಿ/0.5.1/ಇನ್‌ಸ್ಟಾಲ್.ಎಸ್‌ಎಚ್ ಎಂಬಂತೆ. ಅಡ್ಮಿನ್ ಹಕ್ಕಿನಿಂದ ಓಡಿಸುವ ಸುಡೋ ಮಾತ್ರ ಹಾಕಬೇಡಿ. ಹಾಕಿದರೆ ಲಿನಕ್ಸ್‌ನಲ್ಲಿ ಎಲ್ಲವೂ ರೂಟ್ ಬಳಕೆದಾರನ ಫೋಲ್ಡರಿಗೆ ಹೋಗುತ್ತದೆ, ನಿಮ್ಮ ಟರ್ಮಿನಲ್‌ಗೆ ಯುವಿ ಕಾಣುವುದೇ ಇಲ್ಲ. ಸರಿಯಾಗಿ ಓಡಿಸಿದರೆ ಯುವಿ, ಅದರ ಜೊತೆಗೆ ಬರುವ ಪುಟ್ಟ ಬೈನರಿ ಯುವಿಎಕ್ಸ್ (ಪೈಥಾನ್ ಟೂಲ್‌ಗಳನ್ನು ಓಡಿಸಲು) ಎರಡೂ ~/.ಲೋಕಲ್/ಬಿನ್‌ನಲ್ಲಿ ಬಂದು ಕೂರುತ್ತವೆ. ಹಾಕಿದ ಕೂಡಲೇ ‘ಕಮಾಂಡ್ ನಾಟ್ ಫೌಂಡ್’ ಎಂದರೆ ಗಾಬರಿ ಬೇಡ, ಹೊಸ ಟರ್ಮಿನಲ್ ತೆರೆದರೆ ಸರಿಹೋಗುತ್ತದೆ. ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ಕ್ರಾನ್‌ನಲ್ಲಿ ಅಷ್ಟು ಸಾಲದು. ಅದು ನಿಮ್ಮ ಪ್ರೊಫೈಲ್ ಫೈಲನ್ನು ಓದುವುದಿಲ್ಲ, ಹಾಗಾಗಿ ಅಲ್ಲಿ ಯುವಿಯ ಪೂರ್ತಿ ಪಾತ್ ಕೊಡಬೇಕು.

ಹೊಸ ಆವೃತ್ತಿಗೆ ‘ಯುವಿ ಸೆಲ್ಫ್ ಅಪ್‌ಡೇಟ್’. ಈ ಇನ್‌ಸ್ಟಾಲರ್‌ನಿಂದ ಹಾಕಿದ್ದರೆ ಮಾತ್ರ ಇದು ನಡೆಯುತ್ತದೆ. ಹೋಮ್‌ಬ್ರೂ ಅಥವಾ ಪಿಪ್‌ನಿಂದ ಹಾಕಿದವರು ಅವುಗಳಿಂದಲೇ ಮೇಲ್ದರ್ಜೆಗೇರಿಸಬೇಕು.

ಹೊಸ ಪ್ರಾಜೆಕ್ಟ್‌ಗೆ ‘ಯುವಿ ಇನಿಟ್’, ಪ್ಯಾಕೇಜ್ ಸೇರಿಸಲು ‘ಯುವಿ ಆಡ್ ರಿಕ್ವೆಸ್ಟ್ಸ್’, ಓಡಿಸಲು ‘ಯುವಿ ರನ್ ಮೇನ್.ಪಿವೈ’. ಯಂತ್ರದಲ್ಲಿ ಹೊಂದುವ ಪೈಥಾನ್ ಇಲ್ಲದಿದ್ದರೆ ಇಳಿಸಿಕೊಂಡು, ಈ ಪ್ರಾಜೆಕ್ಟ್‌ನ ಪ್ಯಾಕೇಜ್‌ಗಳಿಗೆಂದೇ .ವೆನ್ವ್ ಫೋಲ್ಡರ್ ಮಾಡಿ, ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿಯನ್ನು ಯುವಿ.ಲಾಕ್ ಫೈಲ್‌ನಲ್ಲಿ ಬರೆದು ಕೆಲಸ ಶುರುಮಾಡುತ್ತದೆ. ವೆನ್ವ್ ಅನ್ನು ಆಕ್ಟಿವೇಟ್ ಮಾಡುವ ಅಗತ್ಯವೇ ಇಲ್ಲ. ಯುವಿ.ಲಾಕ್ ಅನ್ನು ಗಿಟ್‌ಗೆ ಸೇರಿಸಿ, .ವೆನ್ವ್ ಅನ್ನು ಸೇರಿಸಬೇಡಿ.

ಹಳೆಯ ಅಭ್ಯಾಸದವರು ಎಡವುವುದು ಇಲ್ಲೇ. ಯುವಿ ಮಾಡಿದ .ವೆನ್ವ್ ಒಳಗೆ ಪಿಪ್ ಇರುವುದಿಲ್ಲ. ಆಕ್ಟಿವೇಟ್ ಮಾಡಿ ‘ಪಿಪ್ ಇನ್‌ಸ್ಟಾಲ್’ ಎಂದು ಹೊಡೆದರೆ ಶೆಲ್ ಸಿಸ್ಟಮ್ಮಿನ ಪಿಪ್ಪನ್ನು ಹುಡುಕಿ ಓಡಿಸುತ್ತದೆ. ಇತ್ತೀಚಿನ ಉಬುಂಟು, ಡೆಬಿಯನ್‌ಗಳು ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎಂದು ತಡೆಯುತ್ತವೆ, ಅದು ಒಳ್ಳೆಯದೇ. ಬೇರೆಡೆ ಪ್ಯಾಕೇಜ್ ಸದ್ದಿಲ್ಲದೆ ಎಲ್ಲೋ ಹೋಗಿ ಕೂರುತ್ತದೆ, ನಿಮ್ಮ ಪ್ರೋಗ್ರಾಂ ಮಾತ್ರ ‘ಮಾಡ್ಯೂಲ್ ನಾಟ್ ಫೌಂಡ್’ ಎನ್ನುತ್ತಲೇ ಇರುತ್ತದೆ. ‘ಯುವಿ ಪಿಪ್ ಇನ್‌ಸ್ಟಾಲ್’ ಬಳಸಿದರೆ ಸರಿಯಾದ .ವೆನ್ವ್‌ಗೇ ಹೋಗುತ್ತದೆ, ಆದರೆ ಪ್ರಾಜೆಕ್ಟ್‌ಗೆ ಏನೇನು ಬೇಕೆಂದು ಬರೆದಿಡುವ ಪೈಪ್ರಾಜೆಕ್ಟ್.ಟಾಮಲ್ ಫೈಲ್‌ನಲ್ಲಿ ಅದರ ದಾಖಲೆ ಇರುವುದಿಲ್ಲ. ‘ಯುವಿ ರನ್’ ಅದನ್ನು ಮುಟ್ಟದೆ ಬಿಡುತ್ತದೆ. ‘ಯುವಿ ಸಿಂಕ್’ ಹಾಗಲ್ಲ: ಲಾಕ್ ಫೈಲ್‌ನಲ್ಲಿ ಇಲ್ಲದ್ದನ್ನೆಲ್ಲ ಕಿತ್ತುಹಾಕುತ್ತದೆ. ನಿನ್ನೆ ಓಡುತ್ತಿದ್ದದ್ದು ಇವತ್ತು ಓಡದಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಪ್ರಾಜೆಕ್ಟ್‌ಗೆ ಬೇಕಾದ ಪ್ಯಾಕೇಜ್ ಯಾವಾಗಲೂ ‘ಯುವಿ ಆಡ್’ ಮೂಲಕವೇ ಬರಲಿ.

ಇನ್ನೊಂದು ಗೊಂದಲ ಆವೃತ್ತಿಗಳದ್ದು. ಯುವಿ ಪ್ಯಾಕೇಜ್ ಆವೃತ್ತಿಗಳನ್ನು ಲಾಕ್ ಮಾಡುವುದು ನಿಮ್ಮ ಯಂತ್ರದ ಪೈಥಾನ್‌ಗೆ ಮಾತ್ರವಲ್ಲ, ಪೈಪ್ರಾಜೆಕ್ಟ್.ಟಾಮಲ್‌ನ ‘ರಿಕ್ವೈರ್ಸ್-ಪೈಥಾನ್’ ಸಾಲು ಒಪ್ಪುವ ಎಲ್ಲ ಪೈಥಾನ್‌ಗಳಿಗೂ. ಲೆಕ್ಕಾಚಾರದ ಪ್ಯಾಕೇಜ್ ಆದ ನಂಪೈ 2.1ಕ್ಕೆ ಪೈಥಾನ್ 3.10 ಆದರೂ ಬೇಕು. ಆ ಸಾಲಿನಲ್ಲಿ 3.8 ಅಥವಾ ಮೇಲೆ ಎಂದು ಬರೆದು, ನಂಪೈ 2.1 ಅಥವಾ ಮೇಲಿನದು ಬೇಕೆಂದರೆ, ನಿಮ್ಮಲ್ಲಿ 3.12 ಇದ್ದರೂ ‘ನೋ ಸೊಲ್ಯೂಷನ್ ಫೌಂಡ್’ ಎಂದು ನಿಲ್ಲುತ್ತದೆ. 3.8ರ ಬೆಂಬಲ 2024ರ ಅಕ್ಟೋಬರ್‌ನಲ್ಲೇ ಮುಗಿದಿದೆ, ಸಾಲನ್ನು 3.10ಕ್ಕೆ ಏರಿಸಿ. ಈ ಮೊಂಡುತನ ನನಗೆ ಇಷ್ಟ, ಏಕೆಂದರೆ ಸರ್ವರ್‌ನಲ್ಲಿ ಬರಬೇಕಿದ್ದ ತಪ್ಪು ನಮ್ಮ ಮೇಜಿನ ಮೇಲೇ ಸಿಕ್ಕಿಬೀಳುತ್ತದೆ.

ಸರ್ವರ್‌ನಲ್ಲಿ, ಸಿಐನಲ್ಲಿ (ಕೋಡನ್ನು ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆ) ‘ಯುವಿ ಸಿಂಕ್ --ಲಾಕ್ಡ್’ ಬಳಸಿ. ಪೈಪ್ರಾಜೆಕ್ಟ್.ಟಾಮಲ್ ಬದಲಾಗಿ ಲಾಕ್ ಹಳೆಯದಾಗಿದ್ದರೆ ಅಲ್ಲೇ ತಪ್ಪು ತೋರಿಸಿ ನಿಲ್ಲುತ್ತದೆ. ‘--ಫ್ರೋಜನ್’ ಆ ಪರೀಕ್ಷೆಯನ್ನೇ ಮಾಡುವುದಿಲ್ಲ, ಇದ್ದ ಲಾಕನ್ನು ಇದ್ದಂತೆ ಹಾಕುತ್ತದೆ.

ಇನ್ನು ಜಾಗದ ವಿಷಯ. ಇಳಿಸಿದ ಪ್ಯಾಕೇಜ್‌ಗಳು ಲಿನಕ್ಸ್‌ನಲ್ಲಿ ~/.ಕ್ಯಾಶ್/ಯುವಿಯಲ್ಲಿ ಇರುತ್ತವೆ, ಪ್ರತಿ .ವೆನ್ವ್‌ಗೂ ಅಲ್ಲಿಂದ ಸಾಮಾನ್ಯವಾಗಿ ಹಾರ್ಡ್‌ಲಿಂಕ್ (ನಕಲಿಲ್ಲದೆ ಅದೇ ಫೈಲಿಗೆ ಇನ್ನೊಂದು ಹೆಸರು) ಹೋಗುತ್ತದೆ. ಐದು ಪ್ರಾಜೆಕ್ಟ್‌ಗಳಲ್ಲಿ ಒಂದೇ ಆವೃತ್ತಿಯ ಪ್ಯಾಕೇಜ್ ಇದ್ದರೂ ಡಿಸ್ಕಿನಲ್ಲಿ ಇರುವುದು ಒಂದೇ ಪ್ರತಿ. ಪ್ರಾಜೆಕ್ಟ್ ಬೇರೆ ಪಾರ್ಟಿಷನ್‌ನಲ್ಲಿದ್ದರೆ ಹಾರ್ಡ್‌ಲಿಂಕ್ ಸಾಧ್ಯವಿಲ್ಲ, ಆಗ ‘ಫೇಲ್ಡ್ ಟು ಹಾರ್ಡ್‌ಲಿಂಕ್’ ಎಂದು ಎಚ್ಚರಿಸಿ ಪೂರ್ತಿ ನಕಲು ಮಾಡುತ್ತದೆ. ಕೆಲಸ ಕೆಡುವುದಿಲ್ಲ, ವೇಗ ಮತ್ತು ಜಾಗ ಹೋಗುತ್ತದೆ. ‘ಯುವಿ_ಕ್ಯಾಶ್_ಡಿರ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಕ್ಯಾಶನ್ನು ಪ್ರಾಜೆಕ್ಟ್ ಇರುವ ಪಾರ್ಟಿಷನ್‌ಗೇ ತನ್ನಿ. ವೇರಿಯಬಲ್ ಹೆಸರುಗಳು ಮಾತ್ರ ದೊಡ್ಡಕ್ಷರದಲ್ಲಿರಲಿ. ಬೇಡದ ಹಳೆಯದನ್ನು ಮಾತ್ರ ತೆಗೆಯಲು ‘ಯುವಿ ಕ್ಯಾಶ್ ಪ್ರೂನ್’ ಸಾಕು.

ಪ್ರಾಜೆಕ್ಟ್ ಫೋಲ್ಡರನ್ನು ಬೇರೆಡೆಗೆ ಸರಿಸಿದಿರಾ? .ವೆನ್ವ್ ಒಳಗಿನ ಸ್ಕ್ರಿಪ್ಟ್‌ಗಳಲ್ಲಿ ಹಳೆಯ ಪೂರ್ತಿ ಪಾತ್ ಬರೆದಿರುತ್ತದೆ. ರಿಪೇರಿಗೆ ಕೂರಬೇಡಿ, .ವೆನ್ವ್ ಅಳಿಸಿ ‘ಯುವಿ ಸಿಂಕ್’ ಹೊಡೆಯಿರಿ. ಕ್ಯಾಶ್ ಇರುವುದರಿಂದ ಸಾಮಾನ್ಯವಾಗಿ ಕೆಲವೇ ಸೆಕೆಂಡು.

ಯುವಿಯನ್ನೇ ತೆಗೆಯಬೇಕಿದ್ದರೆ ಕ್ರಮ ಮುಖ್ಯ: ‘ಯುವಿ ಕ್ಯಾಶ್ ಕ್ಲೀನ್’ ಮೊದಲು, ಆಮೇಲೆ ‘ಯುವಿ ಪೈಥಾನ್ ಡಿರ್’, ‘ಯುವಿ ಟೂಲ್ ಡಿರ್’ ತೋರಿಸುವ ಫೋಲ್ಡರ್‌ಗಳು, ಕೊನೆಗೆ ಬಿನ್‌ನಲ್ಲಿರುವ ಎರಡು ಬೈನರಿಗಳು. ಬೈನರಿಯನ್ನು ಮೊದಲೇ ಅಳಿಸಿದರೆ ಉಳಿದವು ಎಲ್ಲಿವೆ ಎಂದು ಕೇಳಲು ಯುವಿಯೇ ಇರುವುದಿಲ್ಲ.