ಊಟ ಆಯ್ತಾ ಮೇಡಂ?

13 ನವೆಂಬರ್ 2025, ಗುರುವಾರ
ತುಮಕೂರು

ಇವತ್ತು ಮಧ್ಯಾಹ್ನ ಕಂಪನಿಯಲ್ಲಿ ದೂರು ಕೊಟ್ಟೆ. ಸ್ಟೋರ್ಸ್ ವಿಭಾಗದ ಆ ಮನುಷ್ಯನ ಮೆಸೇಜುಗಳ ಬಗ್ಗೆ ಇಲ್ಲಿವರೆಗೆ ಅಕ್ಕನ ಹತ್ತಿರ ಮಾತ್ರ ಹೇಳಿಕೊಂಡಿದ್ದೆ.

ಶುರುವಾಗಿದ್ದು ಕೆಲಸದ ನೆಪದಲ್ಲೇ. "ಮೇಡಂ, ಆ ಇನ್‌ವಾಯ್ಸ್ ಪಾಸ್ ಆಯ್ತಾ?" ಅಂತ ಸಂಜೆ ಒಂದು ಮೆಸೇಜ್. ಆಮೇಲೆ "ಊಟ ಆಯ್ತಾ ಮೇಡಂ?" ಆಮೇಲೆ ರಾತ್ರಿ ಹನ್ನೊಂದರ ಮೇಲೆ "ಇನ್ನೂ ಆನ್‌ಲೈನ್ ಇದ್ದೀರಾ, ನಿದ್ದೆ ಬರ್ತಿಲ್ವಾ?" ಇಷ್ಟರಲ್ಲಿ ಇನ್‌ವಾಯ್ಸ್ ಮಾತು ಎಲ್ಲೋ ಹೋಗಿತ್ತು. ಒಂದು ಭಾನುವಾರ ಬಂದಿದ್ದು ಇದು: "ಅಮಾನಿಕೆರೆ ಹತ್ತಿರ ನೋಡಿದೆ. ಹಸಿರು ಚೂಡಿದಾರ್ ನಿಮಗೆ ಚೆನ್ನಾಗಿ ಒಪ್ಪುತ್ತೆ." ಅಮ್ಮನ ಜೊತೆ ವಾಕಿಂಗ್ ಹೋಗಿದ್ದ ಜಾಗ ಅದು. ಓದಿದ ಕೂಡಲೇ ಮೈ ಜುಮ್ಮೆಂದಿತು.

"ಬ್ಲಾಕ್ ಮಾಡಿ ಸುಮ್ನಿರು" ಅಂದಳು ಅಕ್ಕ. ನನಗೆ ಅದು ಸರಿ ಕಾಣಲಿಲ್ಲ. ಬೆಳಿಗ್ಗೆ ಬಟವಾಡಿಯಲ್ಲಿ ನಾನು ಹತ್ತುವ ಕಂಪನಿ ಬಸ್ಸಿನಲ್ಲೇ ಅವನೂ ಇರುತ್ತಾನೆ. ಕಂಪನಿ ಇರುವ ವಸಂತನರಸಾಪುರದವರೆಗೆ ಅವನನ್ನು ಬ್ಲಾಕ್ ಮಾಡುವ ಬಟನ್ ಯಾವ ಫೋನಿನಲ್ಲೂ ಇಲ್ಲ. ಬ್ಲಾಕ್ ಮಾಡುವ ಮೊದಲು ಬೇಡ ಅನ್ನುವುದು ಬರಹದಲ್ಲಿ ಇರಬೇಕು, ಇದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ನಾಳೆ "ಅವರು ಯಾವತ್ತೂ ಬೇಡ ಅನ್ನಲೇ ಇಲ್ಲ" ಅಂತ ಕೈ ತೊಳೆದುಕೊಳ್ಳುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಕೂಡ ಇದನ್ನೇ ಹಿಡಿಯುತ್ತದೆ. ಹೆಂಗಸು ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಬೆನ್ನು ಬಿದ್ದು ಮತ್ತೆ ಮತ್ತೆ ಮಾತಾಡಿಸಲು ನೋಡುವುದು ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ಹಾಗಂತ ಭಯದಲ್ಲಿ ಏನೂ ಹೇಳಲಾಗದೆ ಕೂತವರ ದೂರು ಬಿದ್ದುಹೋಗುವುದಿಲ್ಲ. ಸುಮ್ಮನಿದ್ದದ್ದು ಒಪ್ಪಿಗೆ ಅಲ್ಲ.

ನಾನು ಬರೆದಿದ್ದು ಇಷ್ಟು: "ಕೆಲಸದ ವಿಷಯವಿದ್ದರೆ ಆಫೀಸ್ ಸಮಯದಲ್ಲಿ ಮೇಲ್ ಮಾಡಿ. ಬೇರೆ ಮೆಸೇಜ್, ಕಾಲ್ ನನಗೆ ಇಷ್ಟವಿಲ್ಲ. ಇನ್ನು ಮುಂದೆ ಮಾಡಬೇಡಿ." ಕೊನೆಯಲ್ಲಿ "ಬೇಜಾರು ಮಾಡ್ಕೋಬೇಡಿ" ಅಂತ ಸೇರಿಸು ಅಂದಳು ಅಕ್ಕ. ಸೇರಿಸಲಿಲ್ಲ. ಬೇಜಾರಾಗಬೇಕಾದ ವಿಷಯವೇ ಅದು, ಅಲ್ವಾ?

ಉತ್ತರ ಬಂತು: "ಅಯ್ಯೋ, ನಾನು ಅಣ್ಣನ ತರ ಕೇಳಿದ್ದು." ಅದೇ ರಾತ್ರಿ ಮಿಸ್ಡ್ ಕಾಲ್‌ಗಳ ಸಾಲು. ಯಾವುದನ್ನೂ ಎತ್ತಲಿಲ್ಲ, ಡಿಲೀಟೂ ಮಾಡಲಿಲ್ಲ. ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು, ವಾಟ್ಸಾಪ್‌ನಿಂದ ಚಾಟ್ ಎಕ್ಸ್‌ಪೋರ್ಟ್ ಮಾಡಿ ಅಕ್ಕನ ಮೇಲ್‌ಗೆ ಕಳಿಸಿದೆ. ಸೇವ್ ಮಾಡಿದ್ದರೆ ಮೇಲೆ ಬರೀ ಹೆಸರು ಕಾಣುತ್ತದೆ, ಅದಕ್ಕೆ ನಂಬರ್ ಇರುವ ಪುಟವನ್ನೂ ತೆಗೆದಿಟ್ಟೆ. ಬ್ಲಾಕ್ ಮಾಡಿದ್ದು ಆಮೇಲೆ.

ನಿನ್ನೆ ಸಂಜೆ ಬಿ.ಎಚ್. ರಸ್ತೆಯ ಝೆರಾಕ್ಸ್ ಅಂಗಡಿಗೆ ಹೋದೆ. "ಈ ನಂಬರಿಗೆ ವಾಟ್ಸಾಪ್ ಮಾಡಿ ಮೇಡಂ, ಪ್ರಿಂಟ್ ಕೊಡ್ತೀನಿ" ಅಂದ ಹುಡುಗ. ಇಂಥದ್ದನ್ನು ಇನ್ನೊಬ್ಬರ ಫೋನಿಗೆ ಕಳಿಸುವುದಾ? ಪೆನ್‌ಡ್ರೈವ್ ಕೊಟ್ಟು, ಮೆಷಿನ್ ಪಕ್ಕದಲ್ಲೇ ನಿಂತೆ. ಹಾಳೆಗಳು ಒಂದೊಂದೇ ಬಿಸಿಯಾಗಿ ಹೊರಬಂದವು. ಬಂದ ಹಾಗೆ ಮಗುಚಿ ಹಾಕುತ್ತಾ ಹೋದೆ. ಹಸಿರು ಚೂಡಿದಾರ್ ಇದ್ದ ಹಾಳೆ ಬಂದಾಗ ಆ ಹುಡುಗ ತಲೆ ಆ ಕಡೆ ತಿರುಗಿಸಿಕೊಂಡ. ಒಳ್ಳೆಯ ಹುಡುಗ. ಪ್ರಿಂಟ್ ಮುಗಿದ ಮೇಲೆ ಅವನ ಕಂಪ್ಯೂಟರಿನಿಂದ ಫೈಲ್ ಅಳಿಸಿಸಿಯೇ ಬಂದೆ. ದೂರಿನ 6 ಪ್ರತಿ ಕೊಡಬೇಕು, ಹಾಗಂತ ನಿಯಮವೇ ಇದೆ.

ನಮ್ಮಲ್ಲಿ ಆಂತರಿಕ ಸಮಿತಿ ಇದೆ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆಯೆಲ್ಲ ಇರಲೇಬೇಕು. ಸಮಿತಿಯ ಮೇಡಂ ಪೂರ್ತಿ ಓದಿದರು. "ಆಫೀಸ್ ಬಿಟ್ಟ ಮೇಲಿನ ಮೆಸೇಜಲ್ವಾ" ಅಂತ ತಳ್ಳಿಹಾಕುತ್ತಾರೇನೋ ಅಂದುಕೊಂಡಿದ್ದೆ, ಹಾಗೆ ಅನ್ನಲಿಲ್ಲ. ಕಂಪನಿ ಬಸ್ಸೂ ಕೆಲಸದ ಜಾಗದ ಲೆಕ್ಕಕ್ಕೇ ಬರುತ್ತದೆ ಅಂದರು. 90 ದಿನದೊಳಗೆ ವಿಚಾರಣೆ ಮುಗಿಸಬೇಕು. ಮಾತಾಡಿ ಬಗೆಹರಿಸಿಕೊಳ್ಳುವ ದಾರಿಯೂ ಇದೆ, ಆದರೆ ಅದನ್ನು ನೀವೇ ಕೇಳಿದರೆ ಮಾತ್ರ ಅಂದರು. ನಾನು ಕೇಳುವುದಿಲ್ಲ ಅಂದೆ. ವಿಚಾರಣೆ ಮುಗಿಯುವವರೆಗೆ ಅವನನ್ನು ಬೇರೆ ಬಸ್ಸಿಗೆ ಹಾಕಿ ಅಂತ ಬರೆದುಕೊಟ್ಟಿದ್ದೇನೆ. ನನ್ನನ್ನಲ್ಲ, ಅವನನ್ನು.

ಚಿಕ್ಕಮ್ಮನ ಮಗಳು ಒಂದು ಸಣ್ಣ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಇರುವುದೇ ನಾಲ್ಕು ಜನ, ಸಮಿತಿ ಎಲ್ಲಿಂದ ಬರಬೇಕು? ಅಂಥವರಿಗೆ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇದೆ, ಸಹಾಯಕ್ಕೆ ಮಹಿಳಾ ಸಹಾಯವಾಣಿ 181 ಇದೆ. ಮಾಲೀಕನ ಮೇಲಿನ ದೂರೂ ಅದೇ ಸ್ಥಳೀಯ ಸಮಿತಿಗೆ. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ಸಿಗಬಹುದು. ಭಾನುವಾರ ಅವಳು ಮನೆಗೆ ಬರುತ್ತಾಳೆ, ಕೂರಿಸಿಕೊಂಡು ಎಲ್ಲ ಹೇಳುತ್ತೇನೆ.