ಡಾನ್ ಪ್ಯಾಟ್ರಿಸಿಯೊ

ನಿನ್ನೆ ರಾತ್ರಿಯೆಲ್ಲ 1887ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಫುಟ್‌ಬಾಲಿಗ ಪ್ಯಾಟ್ರಿಕ್ ಓ'ಕಾನಲ್ ಅವರ ಬದುಕನ್ನು ಓದುತ್ತಾ ಕುಳಿತಿದ್ದೆ. 1914ರಲ್ಲಿ ಐರ್ಲೆಂಡ್ ತಂಡಕ್ಕೆ ಬ್ರಿಟಿಷ್ ಹೋಮ್ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ಈ ನಾಯಕ, ಮರುವರ್ಷದ ಗುಡ್ ಫ್ರೈಡೆಯಂದು ಮ್ಯಾಂಚೆಸ್ಟರ್ ಯುನೈಟೆಡ್ ಪರವಾಗಿ ಲಿವರ್‌ಪೂಲ್ ವಿರುದ್ಧ ಪೆನಾಲ್ಟಿಯನ್ನು ಗೋಲಿನಿಂದ ಬಹುದೂರಕ್ಕೆ ಒದ್ದರು. ಆ ಪಂದ್ಯದ ಫಲಿತಾಂಶ ಮೊದಲೇ ನಿಗದಿಯಾಗಿತ್ತೆಂದು ಸಾಬೀತಾಗಿ ಎರಡೂ ತಂಡಗಳ ಏಳು ಆಟಗಾರರು ನಿಷೇಧಕ್ಕೊಳಗಾದರೂ ಅವರಲ್ಲಿ ಓ'ಕಾನಲ್ ಇರಲಿಲ್ಲ. ಆ ಒದೆತವನ್ನು ಬರಿಯ ಕೈತಪ್ಪೆನ್ನಲು, ಅಥವಾ ಕಾಲ್ತಪ್ಪೆನ್ನಲು, ನನಗಂತೂ ಮನಸ್ಸೊಪ್ಪುವುದಿಲ್ಲ.

1922ರಲ್ಲಿ ಅವರು ತರಬೇತುದಾರರಾಗಿ ಸ್ಪೇನಿನ ಸಾಂತಾಂದೇರ್ ತಂಡ ಸೇರಿದರು; ಸ್ಪೇನಿನವರ ಬಾಯಲ್ಲಿ ಅವರು 'ಡಾನ್ ಪ್ಯಾಟ್ರಿಸಿಯೊ' ಆದರು. 1935ರಲ್ಲಿ ಅವರ ಮಾರ್ಗದರ್ಶನದಲ್ಲಿ ಸೆವಿಲ್ಲಾದ ಬೆಟಿಸ್ ತಂಡ ಲೀಗ್ ಗೆದ್ದಿತು. ಕೊನೆಯ ದಿನ 5-0 ಅಂತರದಿಂದ ಸೋಲಿಸಿದ್ದು ಅವರದೇ ಹಳೆಯ ಸಾಂತಾಂದೇರ್ ತಂಡವನ್ನು! ಬೆಟಿಸ್‌ಗೆ ಅಂತಹ ಪ್ರಶಸ್ತಿ ಮತ್ತೆ ಒಲಿದಿಲ್ಲ. ನಂತರ ಬಾರ್ಸಿಲೋನಾ ಸೇರಿದ ಅವರು, ಅಂತರ್ಯುದ್ಧದಲ್ಲಿ ಕ್ಲಬ್ಬಿನ ಅಧ್ಯಕ್ಷ ಜುಸೆಪ್ ಸುನ್ಯೋಲ್ ಕೊಲೆಯಾಗಿ ಬೊಕ್ಕಸ ಬರಿದಾಗಿದ್ದಾಗ, 1937ರಲ್ಲಿ ಆಟಗಾರರನ್ನು ಮೆಕ್ಸಿಕೊ ಮತ್ತು ನ್ಯೂಯಾರ್ಕಿಗೆ ಕರೆದೊಯ್ದರು. ಆಟಗಾರರಲ್ಲಿ ಹಲವರು ಮರಳಲಿಲ್ಲ, ಆದರೆ ಗಳಿಸಿದ ಹಣದಿಂದ ಕ್ಲಬ್ ಉಳಿಯಿತು. ಅದನ್ನು ಉಳಿಸಿದವರು ಮಾತ್ರ 1959ರಲ್ಲಿ ಲಂಡನ್ನಿನಲ್ಲಿ ಕಡುಬಡವರಾಗಿ ತೀರಿಕೊಂಡರು, ಮತ್ತು ಕೆನ್ಸಲ್ ಗ್ರೀನ್‌ನ ಅವರ ಸಮಾಧಿಯ ಮೇಲೆ ದಶಕಗಳ ಕಾಲ ಹೆಸರೇ ಇರಲಿಲ್ಲ.