ಆಮ್ಲಜನಕ ಕಡಿಮೆಯಾದಾಗ ಉಪ್ಪು ಯಾಕೆ ಸೋರುತ್ತದೆ?

ಇಲಿಯನ್ನು ಶೇ. 10 ಆಮ್ಲಜನಕವಿರುವ ಪೆಟ್ಟಿಗೆಯಲ್ಲಿಟ್ಟರೆ (ಸುಮಾರು 5,500 ಮೀಟರ್ ಎತ್ತರದ ಗಾಳಿಗೆ ಸಮ) ಮೊದಲ ಕೆಲವು ಗಂಟೆಗಳಲ್ಲಿ ಮೂತ್ರ ಹೆಚ್ಚುತ್ತದೆ, ಅದರ ಜೊತೆ ಸೋಡಿಯಮ್ಮೂ ಹೋಗುತ್ತದೆ. ಉಪ್ಪು ಸೋರುತ್ತಿರುವಾಗ, ದೇಹದಲ್ಲಿ ಸೋಡಿಯಂ ಉಳಿಸುವ ಹಾರ್ಮೋನ್ ಆಲ್ಡೊಸ್ಟಿರೋನ್ ಏರಿ ತಡೆಯಬೇಕಿತ್ತು. ಆದರೆ ಅದನ್ನು ಏರಿಸುವ ಮೂತ್ರಪಿಂಡದ ಕಿಣ್ವ ರೆನಿನ್ ಇದ್ದಲ್ಲೇ ಇದ್ದರೂ, ಏರಿದರೂ ಆಲ್ಡೊಸ್ಟಿರೋನ್ ಮಾತ್ರ ಇಳಿಯುತ್ತದೆ. ಸಾಮಾನ್ಯವಾಗಿ ಜೋಡೆತ್ತಿನಂತೆ ಸಾಗುವ ಈ ಎರಡು ಇಲ್ಲಿ ನೊಗ ಕಳಚಿಕೊಳ್ಳುತ್ತವೆ.

ಕಾರಣದ ಒಂದು ಭಾಗ ಆಲ್ಡೊಸ್ಟಿರೋನ್ ತಯಾರಾಗುವ ಅಡ್ರಿನಲ್ ಗ್ರಂಥಿಯೊಳಗೇ ಇದೆ. ಆಲ್ಡೊಸ್ಟಿರೋನ್ ಸಿಂಥೇಸ್ ಎಂಬ ಕಿಣ್ವ ಒಂದರ ಹಿಂದೊಂದು ಮೂರು ಕ್ರಿಯೆ ನಡೆಸುತ್ತದೆ. ಪ್ರತಿಯೊಂದಕ್ಕೂ ಒಂದು ಆಮ್ಲಜನಕದ ಅಣು ಬೇಕು. ಕಾರ್ಟಿಸಾಲ್‌ನ (ಇದು ಒತ್ತಡದ ಹಾರ್ಮೋನ್; ಇಲಿಯಲ್ಲಿ ಕಾರ್ಟಿಕೋಸ್ಟಿರೋನ್‌ನ) ಕೊನೆಯ ಹಂತಕ್ಕೆ ಒಂದೇ ಸಾಕು, ಆ ಕಿಣ್ವ ಕಡಿಮೆ ಆಮ್ಲಜನಕದಲ್ಲೂ ಹೇಗೋ ಕೆಲಸ ಸಾಗಿಸುತ್ತದೆ. ಹಾಗಾಗಿ ಕೊರತೆ ತೀವ್ರವಾದಾಗ ಅಡ್ರಿನಲ್ಲನ್ನು ಪ್ರಚೋದಿಸುವ ಹಾರ್ಮೋನ್ ಎಸಿಟಿಎಚ್ ಏರಿ ಕಾರ್ಟಿಸಾಲ್ ಹೆಚ್ಚುತ್ತದೆ, ಆಲ್ಡೊಸ್ಟಿರೋನ್ ಹಿಂದುಳಿಯುತ್ತದೆ. ಹೃತ್ಕರ್ಣದಿಂದ (ಹೃದಯದ ಮೇಲಿನ ಕೋಣೆ) ಬರುವ ಹಾರ್ಮೋನ್ ಎಎನ್‌ಪಿ ಅದನ್ನು ಇನ್ನಷ್ಟು ಅದುಮುತ್ತದೆ.

ಇನ್ನೊಂದು ಭಾಗ ಉಸಿರಾಟದ್ದು. ಪ್ರಾಣಿ ಜೋರಾಗಿ ಉಸಿರಾಡಿದಾಗ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಮೂತ್ರಪಿಂಡ ಬೈಕಾರ್ಬನೇಟನ್ನು ಹೊರಹಾಕುತ್ತದೆ. ಅದು ಸೋಡಿಯಂ, ಪೊಟ್ಯಾಶಿಯಂಗಳನ್ನೂ ಎಳೆದುಕೊಂಡು ಹೋಗುತ್ತದೆ. ಅದೇ ಹೊತ್ತಿಗೆ ರಕ್ತದ ಪ್ರೋಟೀನ್ ಆಲ್ಬುಮಿನ್ ಹೆಚ್ಚು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಒಟ್ಟು ಕ್ಯಾಲ್ಸಿಯಂ ಬದಲಾಗಿರುವುದಿಲ್ಲ, ಯಾವುದಕ್ಕೂ ಅಂಟದ ಅಯಾನು ರೂಪದ್ದು ಮಾತ್ರ ಇಳಿದಿರುತ್ತದೆ. ಅಳೆಯಬೇಕಾದದ್ದು ಅದನ್ನೇ.

ಪ್ರಯೋಗ ಕೆಡುವುದೂ ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್‌ನಿಂದಲೇ. ಅದನ್ನು ಹೀರಿಕೊಳ್ಳಲು ಇಟ್ಟ ಸೋಡಾ ಲೈಮ್ ಸವೆದು ಪೆಟ್ಟಿಗೆಯಲ್ಲಿ ಅದು ಸೇರಿಕೊಂಡರೆ ರಕ್ತ ಆಮ್ಲೀಯವಾಗುತ್ತದೆ, ಆಲ್ಡೊಸ್ಟಿರೋನ್ ಏರುವತ್ತ ಸಾಗುತ್ತದೆ, ನೀವು ನೋಡುತ್ತಿರುವುದು ಬೇರೆಯೇ ಸ್ಥಿತಿ. ಸೋಡಾ ಲೈಮಿನ ಬಣ್ಣ ನಂಬಿ ಕೂರಬೇಡಿ. ಸೆನ್ಸರ್ ಇಟ್ಟು ಶೇ. 0.5ರೊಳಗೆ ಕಾಯ್ದುಕೊಳ್ಳಿ.

ಇನ್ನೊಂದು ಎಡವಟ್ಟು ತಟ್ಟೆಯಲ್ಲಿದೆ. ಆಮ್ಲಜನಕ ಕಡಿಮೆಯಾದ ಇಲಿ ಮೇವು ಬಿಡುತ್ತದೆ, ಒಳಬರುವ ಸೋಡಿಯಮ್ಮೇ ಇಳಿಯುತ್ತದೆ. ಎರಡನೇ ದಿನದಿಂದ ಮೂತ್ರದ ಸೋಡಿಯಂ ಕಡಿಮೆ ಕಂಡರೆ ಅದು ಹಾರ್ಮೋನಿನ ಕೆಲಸವೋ ಹಸಿವಿನದೋ ಹೇಳಲಾಗದು. ಮಾಮೂಲಿ ಗಾಳಿಯಲ್ಲಿರುವ ಇನ್ನೊಂದು ಗುಂಪಿಗೆ ಅಷ್ಟೇ ತೂಕದ ಆಹಾರ ಕೊಟ್ಟು ಹೋಲಿಸಿ. ಇದನ್ನು ಬಿಟ್ಟ ಫಲಿತಾಂಶಕ್ಕೆ ನನ್ನ ಪ್ರಕಾರ ಬೆಲೆ ಇಲ್ಲ.

ಪೊಟ್ಯಾಶಿಯಂ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಕೊರತೆ ವಿಪರೀತಕ್ಕೆ ಹೋದಾಗ ಶಕ್ತಿ ಒದಗಿಸುವ ಎಟಿಪಿ ಸಾಲದೆ ಜೀವಕೋಶದ ಸೋಡಿಯಂ–ಪೊಟ್ಯಾಶಿಯಂ ಪಂಪ್ ನಿಧಾನವಾಗಿ, ಪೊಟ್ಯಾಶಿಯಂ ರಕ್ತಕ್ಕೆ ಸೋರುತ್ತದೆ. ಆದರೆ ಸೂಜಿ ಸಣ್ಣದಾಗಿ ಕೆಂಪುಕಣ ಒಡೆದರೂ ಅದೇ ಅಂಕಿ ಬರುತ್ತದೆ. ಪ್ಲಾಸ್ಮಾ ಗುಲಾಬಿ ಬಣ್ಣಕ್ಕಿದ್ದರೆ ಮಾದರಿ ಬಿಸಾಡಿ. ಪೊಟ್ಯಾಶಿಯಂ ಆಕಾಶಕ್ಕೇರಿ ಕ್ಯಾಲ್ಸಿಯಂ ಪಾತಾಳಕ್ಕಿಳಿದಿದ್ದರೆ ಮೊದಲು ಟ್ಯೂಬನ್ನು ಅನುಮಾನಿಸಿ: ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕುವ ಪೊಟ್ಯಾಶಿಯಂ ಇಡಿಟಿಎ ಬೆರೆತಿರುತ್ತದೆ. ರಕ್ತ ತುಂಬುವಾಗ ಹೆಪಾರಿನ್ (ಹೆಪ್ಪು ತಡೆಯುವ ಇನ್ನೊಂದು ವಸ್ತು) ಟ್ಯೂಬ್ ಮೊದಲು, ಇಡಿಟಿಎ ಆಮೇಲೆ.

ಮೀನಿನ ಕಷ್ಟ ಬೇರೆ. ಉಸಿರಾಟಕ್ಕೂ ಉಪ್ಪಿನ ಕಾವಲಿಗೂ ಅದಕ್ಕಿರುವುದು ಒಂದೇ ಕಿವಿರು. ಆಮ್ಲಜನಕಕ್ಕಾಗಿ ಕಿವಿರಿಗೆ ರಕ್ತ ಹೆಚ್ಚು ಹರಿಸಿದರೆ ಸಿಹಿನೀರಿನ ಮೀನಿನಿಂದ ಸೋಡಿಯಂ, ಕ್ಲೋರೈಡ್ ಸೋರುತ್ತವೆ, ನೀರು ಒಳನುಗ್ಗುತ್ತದೆ. ರೇನ್‌ಬೋ ಟ್ರೌಟ್‌ನಲ್ಲಿ ಅಡ್ರಿನಲಿನ್ ಏರಿದಾಗ ಕೆಂಪುಕಣ ಸೋಡಿಯಂ ಒಳಗೆಳೆದು ಹೈಡ್ರೋಜನ್ ಅಯಾನನ್ನು ಹೊರದೂಡುತ್ತದೆ. ಕಣ ಉಬ್ಬುತ್ತದೆ, ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ಅಮೆಜಾನಿನ ಆಸ್ಕರ್ ಮೀನು ಮಾತ್ರ ಸೋರಿಕೆಯ ದಾರಿಯನ್ನೇ ಬಿಗಿ ಮಾಡಿಕೊಳ್ಳುತ್ತದೆ, ಅದರ ಜಾಣತನ ಮೆಚ್ಚಬೇಕು.

ಮೀನಿನ ಕಾರ್ಟಿಸಾಲ್ ಅಳೆಯುವುದಾದರೆ ಬಲೆ ನೀರಿಗಿಳಿದ ಕ್ಷಣದಿಂದ ಗಡಿಯಾರ ನೋಡಿ. ಸುಮಾರು ಮೂರು ನಿಮಿಷದೊಳಗೆ ರಕ್ತ ತೆಗೆಯಲಾಗದಿದ್ದರೆ ಅರಿವಳಿಕೆಯನ್ನು ತೊಟ್ಟಿಗೇ ಬೆರೆಸಿ, ಆಮೇಲೆ ಹಿಡಿಯಿರಿ.